ಅರಿವಳಿಕೆಯಲ್ಲಿರುವ ಕುದುರೆಯ ಬಿಪಿ: ಬಾಲಕ್ಕೆ ಪಟ್ಟಿ ಸಾಕಾ, ರಕ್ತನಾಳಕ್ಕೆ ಕೊಳವೆ ಬೇಕಾ?

ಕುದುರೆಗೆ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗೇ ಆಯಿತು. ಆದರೆ ಕುದುರೆ ಉಳಿಯಲಿಲ್ಲ. ಇಂಥ ಸುದ್ದಿ ಓದಿದಾಗ ಯಾರಿಗಾದರೂ ಗೊಂದಲ ಆಗುತ್ತದೆ. ಮುರಿದ ಮೂಳೆಗೆ ಸ್ಕ್ರೂ ಹಾಕಿ ಕೂಡಿಸಲು ಬರುತ್ತದೆ. ತಿರುಚಿಕೊಂಡ ಕರುಳನ್ನು ಬಿಡಿಸಲು ಬರುತ್ತದೆ. ಹಾಗಿದ್ದಮೇಲೆ ಕೈತಪ್ಪಿದ್ದು ಎಲ್ಲಿ?

ಇದರ ಜೊತೆಗೆ ಒಂದು ಅಂಕಿಯನ್ನೂ ನೋಡಬೇಕು. ಅರಿವಳಿಕೆ ಕೊಟ್ಟ ಕುದುರೆಗಳಲ್ಲಿ ಎಷ್ಟು ಸಾಯುತ್ತವೆ ಎಂದು ಲೆಕ್ಕ ಇಡುವ ಅಂತರರಾಷ್ಟ್ರೀಯ ಅಧ್ಯಯನ ಒಂದಿದೆ. ಅದರ ಹೆಸರು ಸೆಪೆಫ್. ಅದರ ನಾಲ್ಕನೇ ಸುತ್ತಿನ ಮೊದಲ ಫಲಿತಾಂಶ 2021ರಲ್ಲಿ ಬಂತು. ಪೂರ್ತಿ ಅರಿವಳಿಕೆ ಕೊಟ್ಟ 6,701 ಪ್ರಕರಣಗಳಲ್ಲಿ ಏಳು ದಿನದೊಳಗಿನ ಸಾವು ನೂರಕ್ಕೆ ಒಂದು. ಇದನ್ನು ದೊಡ್ಡ ಸುಧಾರಣೆ ಅಂತಲೂ ಓದಬಹುದು, ದೊಡ್ಡ ಆತಂಕ ಅಂತಲೂ ಓದಬಹುದು. ಮನುಷ್ಯರಲ್ಲಿ ಅರಿವಳಿಕೆಯಿಂದಲೇ ಆಗುವ ಸಾವು ಲಕ್ಷಕ್ಕೆ ಒಂದರ ಆಸುಪಾಸು. ಕುದುರೆಗೆ ಮಾತ್ರ ಯಾಕೆ ಹೀಗೆ?

ಉತ್ತರದ ಒಂದು ದೊಡ್ಡ ಪಾಲು ಆಪರೇಷನ್ ಕೋಣೆಯ ಮೂಲೆಯಲ್ಲಿ ನಿಂತಿರುವ ಮಾನಿಟರ್‌ನಲ್ಲಿದೆ. ಅದರಲ್ಲಿ ಕಾಣುವ ಬಿಪಿ ಅಂಕಿ ನಿಜವಾ, ಸುಳ್ಳಾ ಎನ್ನುವುದರಲ್ಲಿದೆ.

ನೂರಕ್ಕೆ ಒಂದು: ಮೊದಲು ಅಂಕಿಯನ್ನು ಬಿಡಿಸಿಕೊಳ್ಳೋಣ

ಮನುಷ್ಯರ ಲೆಕ್ಕವನ್ನೂ ಕುದುರೆಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಸರಿಯಲ್ಲ. ಲಕ್ಷಕ್ಕೆ ಒಂದು ಎನ್ನುವಾಗ ಅರಿವಳಿಕೆಯೇ ಕಾರಣವಾದ ಸಾವನ್ನು ಮಾತ್ರ ಎಣಿಸುತ್ತಾರೆ. ಕುದುರೆಯ ಲೆಕ್ಕದಲ್ಲಿ ಏಳು ದಿನದೊಳಗೆ ಆದ ಸಾವುಗಳು ಸೇರುತ್ತವೆ, ಕಾಯಿಲೆಯ ಪಾಲೂ ಅದರೊಳಗೇ ಬರುತ್ತದೆ.

ಇನ್ನೊಂದು ವಿಷಯ. ನೂರಕ್ಕೆ ಒಂದು ಎಂಬುದು ಎರಡು ಬೇರೆ ಗುಂಪುಗಳನ್ನು ಸೇರಿಸಿ ಬಂದ ಸರಾಸರಿ. ಹೊಟ್ಟೆಶೂಲೆ ಬಂದು, ಸಾವು ಬದುಕಿನ ನಡುವೆ ಟೇಬಲ್ ಹತ್ತುವ ಕುದುರೆಗಳಲ್ಲಿ ಸಾವು ನೂರಕ್ಕೆ 3.4. ಉಳಿದವುಗಳಲ್ಲಿ 0.6. ಮೊದಲ ಎರಡು ಸುತ್ತುಗಳ ವರದಿ 2002ರಲ್ಲಿ ಬಂದಿತ್ತು. 41,824 ಪ್ರಕರಣಗಳ ಆ ದೊಡ್ಡ ಲೆಕ್ಕದಲ್ಲಿ ಸಾವು ಒಟ್ಟು 1.9, ಹೊಟ್ಟೆಶೂಲೆ ಬಿಟ್ಟರೆ 0.9. ಅಂದರೆ ಇಳಿದಿದೆ, ನಿಜ. ಆದರೂ ನಾಯಿಗಳಲ್ಲಿ ಈ ಪ್ರಮಾಣ 0.17 ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನ ಹೇಳಿದೆ. ಹೊಟ್ಟೆಶೂಲೆಯ ಪ್ರಕರಣ ಬಿಟ್ಟರೂ ಕುದುರೆಯ ಪ್ರಮಾಣ ಅದರ ಮೂರು ಪಟ್ಟಿಗಿಂತ ಹೆಚ್ಚು.

2002ರ ವರದಿಯಲ್ಲಿ ಸಾವಿನ ಕಾರಣಗಳನ್ನೂ ವಿಂಗಡಿಸಿದ್ದರು. ಸುಮಾರು ಮೂರನೇ ಒಂದು ಭಾಗ ಹೃದಯ ನಿಂತು ಅಥವಾ ರಕ್ತಪರಿಚಲನೆ ಕುಸಿದು ಸತ್ತಿದ್ದವು. ಕಾಲು ಭಾಗದಷ್ಟು ಎಚ್ಚರವಾಗಿ ಏಳುವಾಗ ಮೂಳೆ ಮುರಿದುಕೊಂಡಿದ್ದವು. ಇನ್ನೊಂದಿಷ್ಟು ಸ್ನಾಯು ಹಾನಿಯಿಂದ ಎದ್ದು ನಿಲ್ಲಲಾಗದೆ ಸತ್ತವು. ಮೂರನ್ನೂ ಸ್ವಲ್ಪ ಹತ್ತಿರದಿಂದ ನೋಡಿದರೆ ರಕ್ತದ ಒತ್ತಡದ ಎಳೆ ಮೂರರಲ್ಲೂ ಕಾಣುತ್ತದೆ.

ಅರ್ಧ ಟನ್ ಮೈ ಮಲಗಿದಾಗ

ರೇಸಿಗೆ ಓಡಿಸುವ ಥರೋಬ್ರೆಡ್ ತಳಿಯ ಒಂದು ಕುದುರೆ 450ರಿಂದ 500 ಕಿಲೋ ತೂಗುತ್ತದೆ. ಮೈಯಲ್ಲಿ 40 ಲೀಟರ್ ಹತ್ತಿರ ರಕ್ತ. ನಿಂತಿದ್ದಾಗ ಹೃದಯ ನಿಮಿಷಕ್ಕೆ 28ರಿಂದ 40 ಸಲ ಬಡಿಯುತ್ತದೆ, ಅಷ್ಟೇ. ಈ ಪ್ರಾಣಿಯ ಇಡೀ ಮೈಕಟ್ಟು ನಿಂತಿರಲು, ಓಡಲು ಆಗಿದೆ. ಗಂಟೆಗಟ್ಟಲೆ ಅಲುಗಾಡದೆ ಮಲಗಲು ಅಲ್ಲ.

ಅದನ್ನು ಪಕ್ಕಕ್ಕೆ ಮಲಗಿಸಿದರೆ ಕೆಳಗಡೆಯ ಭುಜ, ತೊಡೆಯ ಮೇಲೆ ಪೂರ್ತಿ ಭಾರ ಬೀಳುತ್ತದೆ. ಒತ್ತಿಹೋದ ಸ್ನಾಯುವಿನ ಒಳಗಿನ ಒತ್ತಡ 30 ಮಿಲಿಮೀಟರ್ ಪಾದರಸ ದಾಟುವುದನ್ನು ಅಳೆದು ನೋಡಿದ್ದಾರೆ. ಈಗ ಯೋಚಿಸಿ. ಹೊಲಕ್ಕೆ ನೀರು ಬಿಡುವ ಪೈಪಿನ ಮೇಲೆ ಯಾರೋ ಕಾಲಿಟ್ಟು ನಿಂತಿದ್ದಾರೆ. ಒಳಗಿನ ನೀರಿನ ರಭಸ ಜೋರಾಗಿದ್ದರೆ ಒಂದಿಷ್ಟಾದರೂ ಮುಂದೆ ಹೋಗುತ್ತದೆ. ರಭಸ ಕಮ್ಮಿಯಾದರೆ ಪೈಪು ಅಲ್ಲೇ ಮುಚ್ಚಿಕೊಳ್ಳುತ್ತದೆ.

ಅರಿವಳಿಕೆ ಆ ರಭಸವನ್ನೇ ತಗ್ಗಿಸುತ್ತದೆ. ಐಸೋಫ್ಲುರೇನ್, ಸೆವೋಫ್ಲುರೇನ್ ಎಂಬ ಉಸಿರಿನ ಮೂಲಕ ಕೊಡುವ ಔಷಧಗಳು ರಕ್ತನಾಳಗಳನ್ನು ಸಡಿಲ ಮಾಡುತ್ತವೆ, ಹೃದಯದ ಬಲವನ್ನೂ ಕಮ್ಮಿ ಮಾಡುತ್ತವೆ. ಕುದುರೆಯನ್ನು ಬೆನ್ನ ಮೇಲೆ ಮಲಗಿಸಿದ್ದರೆ ಹೊಟ್ಟೆಯ ಭಾರವೆಲ್ಲ ದೊಡ್ಡ ರಕ್ತನಾಳದ ಮೇಲೆ, ಶ್ವಾಸಕೋಶದ ಮೇಲೆ ಬೀಳುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಇನ್ನೂ ಕಮ್ಮಿಯಾಗುತ್ತದೆ. ಉಸಿರಾಟದ ಯಂತ್ರ ಹಾಕಿದರೆ ಅದೂ ತನ್ನ ಪಾಲು ಕಿತ್ತುಕೊಳ್ಳುತ್ತದೆ.

ಇದರ ಫಲ ಆಪರೇಷನ್ ಮುಗಿಯುವವರೆಗೆ ಕಾಣುವುದಿಲ್ಲ. ಹೊಲಿಗೆ ಹಾಕಿ ಆಗಿರುತ್ತದೆ. ಕುದುರೆಯನ್ನು ಗೋಡೆಗೆಲ್ಲ ಗಾದಿ ಹೊದಿಸಿದ ಕೋಣೆಗೆ ತಂದು ಬಿಟ್ಟಿರುತ್ತಾರೆ. ಅದು ತಲೆ ಎತ್ತುತ್ತದೆ, ಮುಂಗಾಲು ಚಾಚುತ್ತದೆ, ಏಳಲು ನೋಡುತ್ತದೆ. ಭುಜದ ಸ್ನಾಯು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ಕಾಲು ಮಡಚಿಕೊಂಡು ಬೀಳುತ್ತದೆ. ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ. ಬೇಟೆಗೆ ಸಿಗುವ ಪ್ರಾಣಿ ಅದು. ನೆಲದ ಮೇಲೆ ಬಿದ್ದಿರುವುದೇ ಅದಕ್ಕೆ ದೊಡ್ಡ ಭಯ. ಮನುಷ್ಯ ರೋಗಿಗೆ "ಇವತ್ತು ಮಲಗೇ ಇರಿ" ಅನ್ನಬಹುದು, ಕುದುರೆಗೆ ಹೇಳುವ ಹಾಗಿಲ್ಲ ಅಲ್ವಾ? ಹೀಗೆ ಒದ್ದಾಡುವಾಗಲೇ ಚೆನ್ನಾಗಿದ್ದ ಕಾಲೂ ಮುರಿಯುತ್ತದೆ.

ಅಮೆರಿಕದ ರಫಿಯನ್ ಎಂಬ ಹೆಣ್ಣು ಕುದುರೆಯನ್ನು ರೇಸ್ ಬಲ್ಲವರು ಇವತ್ತಿಗೂ ನೆನೆಯುತ್ತಾರೆ. 1975ರ ಜುಲೈನಲ್ಲಿ ಬೆಲ್ಮಾಂಟ್ ಪಾರ್ಕ್‌ನಲ್ಲಿ ಓಡುವಾಗ ಅದರ ಮುಂಗಾಲು ಮುರಿಯಿತು. ಆಪರೇಷನ್ ಮಾಡಿದರು. ಎಚ್ಚರವಾಗುವಾಗ ಕುದುರೆ ಒದ್ದಾಡಿ ಕಾಲನ್ನು ಮತ್ತೆ ಹಾಳು ಮಾಡಿಕೊಂಡಿತು. ಕೊನೆಗೆ ದಯಾಮರಣ ಕೊಡಬೇಕಾಯಿತು. 2006ರಲ್ಲಿ ಬಾರ್ಬರೋ ಎಂಬ ಇನ್ನೊಂದು ರೇಸ್ ಕುದುರೆಗೆ ಆಪರೇಷನ್ ಆದಾಗ ಅದನ್ನು ತೆಪ್ಪದಂಥ ಸಾಧನದಲ್ಲಿ ಹಾಕಿ, ನೀರಿನ ಕೊಳದಲ್ಲಿ ತೇಲಿಸಿ ಎಚ್ಚರಗೊಳಿಸಿದ್ದು ಇದೇ ಭಯಕ್ಕೆ. ರಫಿಯನ್ ಒದ್ದಾಡಿದ್ದು ಬಿಪಿ ಇಳಿದಿದ್ದಕ್ಕೆ ಎಂದು ಹೇಳುತ್ತಿಲ್ಲ. ಏಳುವ ಹೊತ್ತು ಎಷ್ಟು ಅಪಾಯದ್ದು ಎಂದು ತೋರಿಸಲು ಈ ಉದಾಹರಣೆ. ಅಷ್ಟು ಅಪಾಯದ ಹೊತ್ತಿಗೆ ನೋಯುವ ಸ್ನಾಯುಗಳೂ ಜೊತೆಗೆ ಸೇರಬಾರದು.

70 ಎಂಬ ಗೆರೆ ಎಲ್ಲಿಂದ ಬಂತು

ರಕ್ತದ ಒತ್ತಡವನ್ನು ಜಗತ್ತಿನಲ್ಲಿ ಮೊದಲು ಅಳೆದದ್ದೇ ಕುದುರೆಯಲ್ಲಿ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಹೆಣ್ಣು ಕುದುರೆಯನ್ನು ಬೆನ್ನ ಮೇಲೆ ಕಟ್ಟಿಹಾಕಿ, ತೊಡೆಯ ಅಪಧಮನಿಗೆ (ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ) ಹಿತ್ತಾಳೆಯ ಕೊಳವೆ ಸೇರಿಸಿ, ಅದಕ್ಕೆ ಒಂಬತ್ತು ಅಡಿಯ ಗಾಜಿನ ನಳಿಗೆ ಜೋಡಿಸಿದ. ರಕ್ತ ಹೃದಯದ ಮಟ್ಟದಿಂದ ಎಂಟು ಅಡಿ ಮೂರು ಇಂಚು ಮೇಲಕ್ಕೆ ಏರಿತು. ಇದನ್ನು 1733ರಲ್ಲಿ ಪ್ರಕಟಿಸಿದ. ಇವತ್ತಿನ ಲೆಕ್ಕಕ್ಕೆ ತಂದರೆ 190 ಮಿಲಿಮೀಟರ್ ಪಾದರಸಕ್ಕಿಂತ ಜಾಸ್ತಿ. ಎಚ್ಚರ ಇದ್ದ, ನೋವಿನಲ್ಲಿದ್ದ, ಹೆದರಿದ ಪ್ರಾಣಿಯ ಒತ್ತಡ ಅದು. ಓದಿದರೆ ಹೊಟ್ಟೆ ಕಿವುಚುತ್ತದೆ. ಆದರೆ ಆ ಪ್ರಯೋಗದಲ್ಲಿದ್ದ ಎರಡು ವಿಷಯ ಇವತ್ತಿಗೂ ಬದಲಾಗಿಲ್ಲ: ಅಪಧಮನಿಯ ಒಳಗೇ ಕೊಳವೆ ಇಡುವುದು, ಹೃದಯದ ಮಟ್ಟದಿಂದ ಅಳೆಯುವುದು.

ಅರಿವಳಿಕೆಯಲ್ಲಿ ಎಷ್ಟು ಒತ್ತಡ ಬೇಕು ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು ತೀರಾ ತಡವಾಗಿ. 1987ರಲ್ಲಿ ಅಮೆರಿಕದ ಸಂಶೋಧಕರು ಹ್ಯಾಲೋಥೇನ್ ಎಂಬ ಹಳೆಯ ಉಸಿರಿನ ಅರಿವಳಿಕೆ ಕೊಟ್ಟ ಕುದುರೆಗಳನ್ನು ಮೂರೂವರೆ ಗಂಟೆ ಮಲಗಿಸಿ ನೋಡಿದರು. ಒಂದು ಸಲ ಸರಾಸರಿ ಒತ್ತಡವನ್ನು 85ರಿಂದ 95ರಲ್ಲಿ ಇಟ್ಟರು, ಇನ್ನೊಂದು ಸಲ 55ರಿಂದ 65ರಲ್ಲಿ. ಒತ್ತಡ ಕಮ್ಮಿ ಇಟ್ಟಾಗ ಸ್ನಾಯುಗಳಿಗೆ ಗಂಭೀರ ಹಾನಿಯಾಯಿತು. ಒತ್ತಡ ಚೆನ್ನಾಗಿದ್ದಾಗ ಅಂಥ ಹಾನಿ ಕಾಣಲಿಲ್ಲ. ಅಲ್ಲಿಂದ ಸರಾಸರಿ ಒತ್ತಡ 70ಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ಕುದುರೆ ಅರಿವಳಿಕೆಯ ಮೂಲ ಪಾಠವಾಯಿತು. 60ಕ್ಕೆ ಬಂದರೆ ಅಪಾಯ ಎಂದೇ ಲೆಕ್ಕ.

ಸರಾಸರಿ ಒತ್ತಡ ಎಂದರೆ ಮೇಲಿನ ಅಂಕಿ, ಕೆಳಗಿನ ಅಂಕಿ ಕೂಡಿಸಿ ಎರಡರಿಂದ ಭಾಗಿಸಿದ್ದಲ್ಲ. ಹೃದಯ ಬಡಿತದ ಹೆಚ್ಚು ಹೊತ್ತು ಒತ್ತಡ ಕೆಳಗಿನ ಅಂಕಿಯ ಹತ್ತಿರವೇ ಇರುತ್ತದೆ. ಹಾಗಾಗಿ ಕೆಳಗಿನ ಅಂಕಿಗೆ, ಎರಡರ ನಡುವಿನ ಅಂತರದ ಮೂರನೇ ಒಂದು ಭಾಗ ಸೇರಿಸುತ್ತಾರೆ. 100/60 ಇದ್ದರೆ ಸರಾಸರಿ 73. ಗೆರೆಗಿಂತ ಬರೀ ಮೂರು ಮೇಲೆ. 90/50 ಆದರೆ 63. ನಮಗೆ ನಿಮಗೆ 90/50 ಬಂದರೆ ತಲೆ ಸುತ್ತಬಹುದು, ಮಲಗಿ ಸುಧಾರಿಸಿಕೊಳ್ಳುತ್ತೇವೆ. ಮೂರು ಗಂಟೆ ಟೇಬಲ್ ಮೇಲಿರುವ ಕುದುರೆಗೆ ಅದೇ ಒತ್ತಡ ಭುಜದ ಸ್ನಾಯುವನ್ನು ಕೊಲ್ಲಬಹುದು.

ಇಡೀ ಜಗಳ ಹತ್ತು ಹದಿನೈದು ಅಂಕಿಗಳ ಈ ಸಣ್ಣ ಜಾಗದಲ್ಲೇ ನಡೆಯುವುದು. ಅಳತೆಯಲ್ಲಿ ಹದಿನೈದು ಅಂಕಿ ತಪ್ಪಾದರೆ ಸಾಕು, ಸಾಯುತ್ತಿರುವ ಸ್ನಾಯು ಮಾನಿಟರ್‌ನಲ್ಲಿ ಆರೋಗ್ಯವಾಗಿ ಕಾಣುತ್ತದೆ.

ಅಪಧಮನಿಗೆ ಕೊಳವೆ

ನೇರವಾಗಿ ಅಳೆಯುವ ವಿಧಾನ ಹೀಗಿದೆ. ಕುದುರೆಯ ಮುಖದಲ್ಲಿ ಅಥವಾ ಹಿಂಗಾಲಿನ ಕೆಳಭಾಗದ ಹೊರಮೈಯಲ್ಲಿ ಅಪಧಮನಿ ಚರ್ಮಕ್ಕೆ ಹತ್ತಿರ ಇರುತ್ತದೆ. ಅಲ್ಲಿ ಕೂದಲು ಬೋಳಿಸಿ, ಶುಚಿ ಮಾಡಿ, ಮನುಷ್ಯರಿಗೆ ಡ್ರಿಪ್ ಹಾಕಲು ಬಳಸುವಂಥ 20 ಗೇಜಿನ ಸಣ್ಣ ಕೊಳವೆಯನ್ನು ಒಳಗೆ ತೂರಿಸುತ್ತಾರೆ. ಸಲೈನ್ ತುಂಬಿದ ಗಟ್ಟಿ ಟ್ಯೂಬಿನ ಮೂಲಕ ಅದು ಟ್ರಾನ್ಸ್‌ಡ್ಯೂಸರ್ ಎಂಬ, ಒತ್ತಡ ಅಳೆಯುವ ಪುಟ್ಟ ಸಾಧನಕ್ಕೆ ಸೇರುತ್ತದೆ. ಪ್ರತಿ ಬಡಿತಕ್ಕೂ ಪರದೆಯ ಮೇಲೆ ಒಂದು ಅಲೆ ಏಳುತ್ತದೆ, ಪಕ್ಕದಲ್ಲಿ ಮೂರು ಅಂಕಿ.

ದೊಡ್ಡ ಲಾಭ ಏನೆಂದರೆ ಇದು ಬಿಡುವಿಲ್ಲದೆ ಅಳೆಯುತ್ತದೆ. ಒತ್ತಡ ಇಳಿದಾಗ ಮೊದಲು ಅರಿವಳಿಕೆಯ ಪ್ರಮಾಣ ತಗ್ಗಿಸುತ್ತಾರೆ, ಡ್ರಿಪ್ ಜೋರು ಮಾಡುತ್ತಾರೆ. ಸಾಲದಿದ್ದರೆ ಹೃದಯದ ಬಲ ಹೆಚ್ಚಿಸುವ ಡೊಬುಟಮೈನ್ ಹನಿಹನಿಯಾಗಿ ಕೊಡುತ್ತಾರೆ. ಈ ಔಷಧ ನಿಮಿಷಗಳಲ್ಲಿ ಕೆಲಸ ಶುರು ಮಾಡುತ್ತದೆ, ನಿಲ್ಲಿಸಿದರೆ ನಿಮಿಷಗಳಲ್ಲೇ ಇಳಿದುಹೋಗುತ್ತದೆ. ಜಾಸ್ತಿಯಾದರೆ ಹೃದಯದ ತಾಳ ತಪ್ಪುತ್ತದೆ. ಹನಿಯ ವೇಗವನ್ನು ಈಗ ಒಂದಿಷ್ಟು ಹೆಚ್ಚು, ಈಗ ಒಂದಿಷ್ಟು ಕಮ್ಮಿ ಎಂದು ತಿದ್ದುತ್ತಲೇ ಇರಬೇಕು. ಕಣ್ಣೆದುರು ಒತ್ತಡ ಕಾಣುತ್ತಿದ್ದರೆ ಮಾತ್ರ ಇದು ಸಾಧ್ಯ. ಐದು ನಿಮಿಷಕ್ಕೊಮ್ಮೆ ಅಂಕಿ ಕೊಡುವ ಯಂತ್ರ ನಂಬಿಕೊಂಡು ಡೊಬುಟಮೈನ್ ಕೊಡುವುದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದಂತೆ.

ಅದೇ ಕೊಳವೆಯಿಂದ ರಕ್ತ ತೆಗೆದು ಆಮ್ಲಜನಕ ಎಷ್ಟಿದೆ ಎಂದೂ ನೋಡಬಹುದು. ಮಲಗಿದ ಕುದುರೆಯ ಶ್ವಾಸಕೋಶ ಸರಿಯಾಗಿ ಹಿಗ್ಗುವುದಿಲ್ಲವಾದ್ದರಿಂದ ಇದು ಸಣ್ಣ ಅನುಕೂಲ ಅಲ್ಲ. ತೊಂದರೆಗಳು ಕಮ್ಮಿ. ಕೊಳವೆ ತೆಗೆದ ಮೇಲೆ ಐದು ನಿಮಿಷ ಒತ್ತಿ ಹಿಡಿಯದಿದ್ದರೆ ರಕ್ತ ಸೋರಿ ಊದಿಕೊಳ್ಳಬಹುದು.

ಟೇಬಲ್ ಎತ್ತಿದರೆ ಬಿಪಿ ಏರುತ್ತದೆ

ನೇರವಾಗಿ ಅಳೆದರೆ ತಪ್ಪೇ ಇಲ್ಲ ಎಂದುಕೊಂಡರೆ ಅದೂ ಅಪಾಯ. ಈ ಒಂದು ಸನ್ನಿವೇಶ ನೋಡಿ.

ಕುದುರೆ ಬೆನ್ನ ಮೇಲೆ ಮಲಗಿದೆ. ಟ್ರಾನ್ಸ್‌ಡ್ಯೂಸರನ್ನು ಪಕ್ಕದ ಕಂಬಕ್ಕೆ, ಕುದುರೆಯ ಭುಜದ ಮೊನೆಯ ಎತ್ತರಕ್ಕೆ ಕಟ್ಟಿದ್ದಾರೆ. ಬೆನ್ನ ಮೇಲೆ ಮಲಗಿದಾಗ ಹೃದಯ ಇರುವುದು ಆ ಮಟ್ಟದಲ್ಲಿ. ಸರಾಸರಿ 58 ತೋರಿಸುತ್ತಿದೆ. ಸರ್ಜನ್‌ಗೆ ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. "ಟೇಬಲ್ ಸ್ವಲ್ಪ ಎತ್ತಿ" ಎನ್ನುತ್ತಾರೆ. ಟೇಬಲ್ 20 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಕುದುರೆ ಜೊತೆಗೆ ಹೃದಯವೂ ಹೋಯಿತು. ಟ್ರಾನ್ಸ್‌ಡ್ಯೂಸರ್ ಮಾತ್ರ ಕಂಬದಲ್ಲೇ ಉಳಿಯಿತು. ಈಗ ಟ್ಯೂಬಿನಲ್ಲಿರುವ 20 ಸೆಂಟಿಮೀಟರ್ ನೀರಿನ ಭಾರವೂ ಅದರ ಮೇಲೆ ಬೀಳುತ್ತದೆ. ಹತ್ತು ಸೆಂಟಿಮೀಟರಿಗೆ ಏಳೂವರೆ ಮಿಲಿಮೀಟರ್ ಲೆಕ್ಕ. ಪರದೆಯಲ್ಲಿ 58 ಹೋಗಿ 73 ಆಯಿತು.

ಕುದುರೆಯ ಮೈಯಲ್ಲಿ ಏನೂ ಬದಲಾಗಿಲ್ಲ. ಕೋಣೆಯಲ್ಲಿದ್ದವರಿಗೆ ಮಾತ್ರ ನೆಮ್ಮದಿ ಬಂತು. ಡೊಬುಟಮೈನ್ ನಿಲ್ಲಿಸಿದರು. ಟೇಬಲ್ ಇಳಿಸಿದ್ದರೆ ಉಲ್ಟಾ ಆಗುತ್ತಿತ್ತು, ಬೇಡದ ಔಷಧ ಹೋಗುತ್ತಿತ್ತು. ಟ್ರಾನ್ಸ್‌ಡ್ಯೂಸರನ್ನು ಕಂಬಕ್ಕೆ ಬದಲು ಟೇಬಲ್‌ಗೇ ಕಟ್ಟಿದ್ದರೆ ಇಷ್ಟೂ ತಪ್ಪುತ್ತಿತ್ತು.

ಇನ್ನೊಂದು ಶತ್ರು ಗಾಳಿಗುಳ್ಳೆ. ಟ್ಯೂಬಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಇದ್ದರೂ ಅಲೆಯ ತುದಿ ಮೊಂಡಾಗುತ್ತದೆ. ಕೊಳವೆಯ ಬಾಯಲ್ಲಿ ರಕ್ತ ಹೆಪ್ಪುಗಟ್ಟಿದರೂ ಅಷ್ಟೇ. ಆಗ ಮೇಲಿನ ಅಂಕಿ ಸುಳ್ಳಾಗಿ ಇಳಿಯುತ್ತದೆ, ಕೆಳಗಿನದು ಸುಳ್ಳಾಗಿ ಏರುತ್ತದೆ. ಸರಾಸರಿ ಹೆಚ್ಚು ಕೆಡುವುದಿಲ್ಲ. ಕುದುರೆ ವೈದ್ಯರು ಸರಾಸರಿಯನ್ನೇ ನಂಬುವುದಕ್ಕೆ ಇದೂ ಒಂದು ಕಾರಣ. ಆಗಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ಸಲೈನ್ ತಳ್ಳಿ, ಅಲೆ ಮತ್ತೆ ಚೂಪಾಯಿತಾ ಎಂದು ನೋಡಬೇಕು.

ಬಾಲಕ್ಕೆ ಪಟ್ಟಿ ಸುತ್ತಿದರೆ?

ಎದುರು ವಾದವನ್ನೂ ಗೌರವದಿಂದ ಕೇಳಬೇಕು. ಎಲ್ಲ ಕಡೆ ಟ್ರಾನ್ಸ್‌ಡ್ಯೂಸರ್ ಇರುವುದಿಲ್ಲ, ಅಪಧಮನಿಗೆ ಕೊಳವೆ ಹಾಕಲು ಪಳಗಿದ ಕೈ ಬೇಕು. ಒತ್ತಡ ಇಳಿದ ಕುದುರೆಯಲ್ಲಿ ಅಪಧಮನಿ ಬೆರಳಿಗೇ ಸಿಗುವುದಿಲ್ಲ. ಅದರ ಬದಲು ಬಾಲದ ಬುಡಕ್ಕೆ ಬಿಪಿ ಪಟ್ಟಿ ಸುತ್ತಿ, ಗುಂಡಿ ಒತ್ತಿದರೆ ಯಂತ್ರವೇ ಅಂಕಿ ಕೊಡುತ್ತದೆ. ಬಾಲದ ಅಡಿಯಲ್ಲಿ ಅಪಧಮನಿ ಇದೆ, ಮನೆಯಲ್ಲಿ ತೋಳಿಗೆ ಸುತ್ತುವ ಯಂತ್ರದ ತತ್ವವೇ ಇಲ್ಲೂ. ಏನೂ ಅಳೆಯದೆ ಇರುವುದಕ್ಕಿಂತ ಇದು ವಾಸಿ ಅಲ್ವಾ ಎಂಬುದು ಪ್ರಶ್ನೆ.

ವಾಸಿ, ಖಂಡಿತ. ಆದರೆ ಎಲ್ಲಿ ಕೈಕೊಡುತ್ತದೆ ಎಂದು ತಿಳಿದಿರಬೇಕು. ಪಟ್ಟಿ ಅಗಲ ಜಾಸ್ತಿಯಾದರೆ ಅಂಕಿ ಇಳಿಯುತ್ತದೆ, ಕಿರಿದಾದರೆ ಏರುತ್ತದೆ. ಡಾಕ್ಟರು ಬಿಪಿ ನೋಡುವಾಗ "ಕೈ ಮೇಜಿನ ಮೇಲೆ ಇಡಿ" ಅನ್ನುತ್ತಾರಲ್ಲ, ತೋಳು ಹೃದಯದ ಮಟ್ಟಕ್ಕೆ ಬರಲಿ ಎಂದು. ಕುದುರೆ ಬೆನ್ನ ಮೇಲೆ ಮಲಗಿದಾಗ ಬಾಲ ಹೃದಯಕ್ಕಿಂತ ಕೆಳಗೆ ಇರುತ್ತದೆ. ಆ ಅಂತರ ಕಳೆಯದಿದ್ದರೆ ಒತ್ತಡ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಇನ್ನು ಕುದುರೆಯ ಹೃದಯ ನಿಧಾನ, ನಡುವೆ ಒಂದೊಂದು ಬಡಿತ ಬಿಡುವುದೂ ಅದಕ್ಕೆ ಸಾಮಾನ್ಯ. ಮನುಷ್ಯರಿಗೆಂದು ಮಾಡಿದ ಯಂತ್ರ ಇದನ್ನು ಕಂಡು ಗಲಿಬಿಲಿಯಾಗಿ ಮತ್ತೆ ಮತ್ತೆ ಗಾಳಿ ತುಂಬುತ್ತದೆ.

ಪಟ್ಟಿಯನ್ನೂ ನೇರ ಅಳತೆಯನ್ನೂ ಹೋಲಿಸಿದ ಅಧ್ಯಯನಗಳು ಬೇಕಾದಷ್ಟಿವೆ, ಫಲಿತಾಂಶ ಒಂದೇ ತರ ಇಲ್ಲ. ಒತ್ತಡ ಮಾಮೂಲಾಗಿದ್ದಾಗ ಹಲವು ಯಂತ್ರಗಳು ಪರವಾಗಿಲ್ಲ ಎನ್ನುವಷ್ಟು ಹತ್ತಿರ ಬರುತ್ತವೆ. ಒತ್ತಡ ಇಳಿದಾಗ ನಂಬಿಕೆ ಕಮ್ಮಿಯಾಗುತ್ತದೆ. ನನಗೆ ಚಿಂತೆ ಇರುವುದು ಇಲ್ಲೇ. ಅಪಾಯ ಇಲ್ಲದಾಗ ಸರಿಯಾಗಿ ಹೇಳಿ, ಅಪಾಯ ಬಂದಾಗ ತಪ್ಪು ಹೇಳುವ ಸಾಧನವನ್ನು ಒಂದೇ ಆಧಾರ ಮಾಡಿಕೊಳ್ಳಬಾರದು. ಏರುತ್ತಿದೆಯಾ ಇಳಿಯುತ್ತಿದೆಯಾ ಎಂಬ ಅಂದಾಜಿಗೆ ಪಟ್ಟಿ ಸರಿ. 65 ಇದೆಯಾ 75 ಇದೆಯಾ ಎಂಬ ತೀರ್ಮಾನಕ್ಕೆ ಸಾಲದು.

ದವಡೆಯ ಅಂಚಿನಲ್ಲಿ ಬೆರಳಿಟ್ಟು ನಾಡಿ ನೋಡುವವರೂ ಇದ್ದಾರೆ. ನೋಡಲೇಬೇಕು, ಆ ಅಭ್ಯಾಸ ಬಿಡಬಾರದು. ಆದರೆ ಬೆರಳಿಗೆ ತಾಗುವುದು ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ಇರುವ ಅಂತರ ಮಾತ್ರ. 110/80 ಇದ್ದರೂ ಅಂತರ 30, 70/40 ಇದ್ದರೂ ಅಂತರ 30. ಬೆರಳಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಮೊದಲನೆಯದರ ಸರಾಸರಿ 90, ಎರಡನೆಯದರದು 50.

ಒತ್ತಡ ಇದ್ದರೆ ಹರಿವು ಇದೆ ಅಂತಲ್ಲ

ಇನ್ನೊಂದು ಪಕ್ಷದ ವಾದ ಇನ್ನೂ ಆಳದ್ದು. ಸ್ನಾಯುವಿಗೆ ಬೇಕಿರುವುದು ರಕ್ತದ ಹರಿವು. ಒತ್ತಡ ಅದರ ಅಂದಾಜು ಮಾತ್ರ. ಹಾಗಿರುವಾಗ 70ರ ಹಿಂದೆ ಬೀಳುವುದು ಯಾಕೆ ಎಂದು ಇವರು ಕೇಳುತ್ತಾರೆ.

ಮಾತು ಸರಿಯಾಗಿದೆ. ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ಒಳಗಿನ ಒತ್ತಡ ಏರುತ್ತದೆ, ಹೊರಬರುವ ನೀರು ಕಮ್ಮಿಯಾಗುತ್ತದೆ. ಕುದುರೆಗೆ ಮಂಪರು ತರಿಸಲು ಕೊಡುವ ಜೈಲಜೀನ್, ಡೆಟೊಮಿಡೀನ್ ಮೊದಲು ಮಾಡುವುದು ಇದನ್ನೇ. ರಕ್ತನಾಳ ಬಿಗಿಯಾಗುತ್ತವೆ, ಬಿಪಿ ಏರುತ್ತದೆ, ಹೃದಯ ಪಂಪ್ ಮಾಡುವ ರಕ್ತ ಮಾತ್ರ ಇಳಿಯುತ್ತದೆ. ಫಿನೈಲೆಫ್ರಿನ್ ಎಂಬ ಔಷಧ ಕೂಡ ರಕ್ತನಾಳವನ್ನು ಬರೀ ಬಿಗಿ ಮಾಡಿ ಅಂಕಿ ಏರಿಸುತ್ತದೆ, ಸ್ನಾಯುವಿಗೆ ಅದರಿಂದ ಉಪಕಾರ ಇಲ್ಲ. ಡೊಬುಟಮೈನ್ ಹೃದಯದ ಬಲ ಹೆಚ್ಚಿಸಿ ಒತ್ತಡ ಏರಿಸುವುದರಿಂದ ಹರಿವೂ ಏರುತ್ತದೆ. ಕುದುರೆ ವೈದ್ಯರು ಮೊದಲು ಅದಕ್ಕೇ ಕೈ ಹಾಕುವುದು ಇದೇ ಕಾರಣಕ್ಕೆ.

ಹಾಗಾದರೆ ಹರಿವನ್ನೇ ಅಳೆಯಬಾರದಾ? ಅಳೆಯುವ ವಿಧಾನಗಳಿವೆ. ಆದರೆ ದಿನನಿತ್ಯದ ಆಪರೇಷನ್‌ನಲ್ಲಿ ಬಳಸಲು ಕಷ್ಟ, ದುಬಾರಿ. ಹಾಗಾಗಿ ಒತ್ತಡದ ಅಂಕಿಯನ್ನು ಬಿಡಲು ಇನ್ನೂ ಆಗಿಲ್ಲ. ಅದರ ಜೊತೆಗೆ ಒಸಡಿನ ಬಣ್ಣ, ಒಸಡು ಒತ್ತಿ ಬಿಟ್ಟಾಗ ರಕ್ತ ಮರಳುವ ವೇಗ, ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಎಷ್ಟು ಎಂಬುದನ್ನೂ ನೋಡಬೇಕು. ಒತ್ತಡ ಚೆನ್ನಾಗಿದ್ದರೆ ಹರಿವು ಚೆನ್ನಾಗಿದೆ ಎಂಬ ಖಾತರಿ ಇಲ್ಲ. ಆದರೆ ಒತ್ತಡ 55ರಲ್ಲಿ ಗಂಟೆಗಟ್ಟಲೆ ನಿಂತರೆ ಕೆಳಗೆ ಒತ್ತಿಹೋದ ಸ್ನಾಯುವಿಗೆ ರಕ್ತ ಸಾಕಷ್ಟು ಸಿಗುತ್ತಿದೆ ಎಂದು ನಂಬಲು ಯಾವ ಆಧಾರವೂ ಇಲ್ಲ.

ಎಲ್ಲ ಕುದುರೆಗೂ ಇದು ಬೇಕಾ?

ಇಲ್ಲ. ಬಯಲಲ್ಲಿ ಹುಲ್ಲಿನ ಮೇಲೆ ಮಲಗಿಸಿ ಗಂಡು ಕುದುರೆಯ ಬೀಜ ತೆಗೆಯುವ ಇಪ್ಪತ್ತು ಮೂವತ್ತು ನಿಮಿಷದ ಕೆಲಸವೇ ಬೇರೆ. ಅಲ್ಲಿ ಜೈಲಜೀನ್, ಕೆಟಮಿನ್ ಚುಚ್ಚುಮದ್ದು ಕೊಡುತ್ತಾರೆ. ಸ್ವಲ್ಪ ಹೊತ್ತು ಎಳೆಯಬೇಕಿದ್ದರೆ ಜೊತೆಗೆ ಗ್ವಾಯಿಫೆನೆಸಿನ್ ಸೇರಿಸಿ ಡ್ರಿಪ್ ಹಾಕುವುದೂ ಉಂಟು. ಕೆಮ್ಮಿನ ಸಿರಪ್‌ಗಳಲ್ಲಿ ಇರುವ ಗ್ವಾಯಿಫೆನೆಸಿನ್ ಇದೇ, ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಕೊಟ್ಟರೆ ಕುದುರೆಯ ಸ್ನಾಯು ಸಡಿಲವಾಗುತ್ತದೆ. ಉಸಿರಿನ ಔಷಧಗಳಿಗೆ ಹೋಲಿಸಿದರೆ ಈ ಚುಚ್ಚುಮದ್ದುಗಳಲ್ಲಿ ಒತ್ತಡ ಚೆನ್ನಾಗಿ ಉಳಿಯುತ್ತದೆ, ಮಲಗುವ ಹೊತ್ತೂ ಕಮ್ಮಿ. ಅಲ್ಲಿ ನಾಡಿಯ ಮೇಲೆ ಬೆರಳು, ಗಡಿಯಾರದ ಮೇಲೆ ಕಣ್ಣು ಇದ್ದರೆ ನಡೆಯುತ್ತದೆ. ಗಂಟೆ ದಾಟಿದರೆ, ಉಸಿರಿನ ಅರಿವಳಿಕೆ ಹಾಕಿದರೆ, ಕುದುರೆ ಮೊದಲೇ ಕಾಯಿಲೆ ಬಿದ್ದಿದ್ದರೆ ಈ ರಿಯಾಯಿತಿ ಇಲ್ಲ.

ಮಲಗಿಸದೆಯೇ, ನಿಂತಲ್ಲೇ ಮಂಪರು ತರಿಸಿ, ಜಾಗಕ್ಕೆ ಮಾತ್ರ ಮರಗಟ್ಟಿಸಿ ಮಾಡುವ ಆಪರೇಷನ್‌ಗಳು ಹೆಚ್ಚಾಗುತ್ತಿವೆ. ಹಲ್ಲು, ಕಣ್ಣು, ಸೈನಸ್, ಕೆಲವು ಬಗೆಯ ಮೂಳೆ ಬಿರುಕು ಕೂಡ. 2021ರ ಲೆಕ್ಕದಲ್ಲಿ ಇಂಥ 1,955 ಪ್ರಕರಣಗಳಿದ್ದವು, ಸಾವು ನೂರಕ್ಕೆ 0.2. ಈ ಅಂಕಿ ತೋರಿಸಿ ಎಲ್ಲವನ್ನೂ ನಿಲ್ಲಿಸಿಯೇ ಮಾಡಿ ಎನ್ನಲಾಗದು. ಕಷ್ಟದ ಆಪರೇಷನ್‌ಗಳೆಲ್ಲ ಇನ್ನೊಂದು ಗುಂಪಿನಲ್ಲೇ ಇರುವುದರಿಂದ ಹೋಲಿಕೆ ಸಮಾನ ಅಲ್ಲ. ತಿರುಚಿದ ಕರುಳಿಗೆ ಕುದುರೆ ಮಲಗಲೇಬೇಕು.

1.9 ಇದ್ದದ್ದು 1.0ಕ್ಕೆ ಇಳಿದದ್ದು ಬಿಪಿ ನೋಡಿದ್ದಕ್ಕೇ ಅಂತಲೂ ಹೇಳಲಾಗದು. ಹ್ಯಾಲೋಥೇನ್ ಹೋಗಿ ಐಸೋಫ್ಲುರೇನ್ ಬಂತು. ಗಾದಿಗಳು ಮೃದುವಾದವು. ತಲೆಗೂ ಬಾಲಕ್ಕೂ ಹಗ್ಗ ಕಟ್ಟಿ ಏಳಲು ನೆರವಾಗುವುದು ಹಲವು ಕಡೆ ರೂಢಿಗೆ ಬಂತು. ಇವೆಲ್ಲ ಒಟ್ಟಿಗೆ ಆದವು, ಪಾಲು ಹಂಚಲು ಬರುವುದಿಲ್ಲ.

ಸೌಲಭ್ಯ ಕಮ್ಮಿ ಇರುವ ಕಡೆ

ಬೆಂಗಳೂರು, ಮೈಸೂರಿನಲ್ಲಿ ರೇಸ್ ಕುದುರೆಗಳಿವೆ. ಕುಣಿಗಲ್‌ನಲ್ಲಿ ಟಿಪ್ಪು ಕಾಲದ ಕುದುರೆ ಫಾರಂ ಇದೆ. ದಸರಾದಲ್ಲಿ ಎಲ್ಲರೂ ನೋಡುವ ಅಶ್ವಾರೋಹಿ ಪೊಲೀಸರ ಕುದುರೆಗಳಿವೆ. ಇವುಗಳ ಜೊತೆಗೆ ಮೈಸೂರಿನ ಟಾಂಗಾ ಎಳೆಯುವ, ಮದುವೆ ಮೆರವಣಿಗೆಯಲ್ಲಿ ನಡೆಯುವ ಕುದುರೆಗಳೂ ಇವೆ. ಕೋಟಿ ಬೆಲೆಯ ಕುದುರೆಯ ಸ್ನಾಯುವಿಗೂ ಟಾಂಗಾ ಕುದುರೆಯ ಸ್ನಾಯುವಿಗೂ ಬೇಕಿರುವ ಒತ್ತಡ ಒಂದೇ. ದುಬಾರಿ ಮಾನಿಟರ್ ಇಲ್ಲ ಅಂದಮಾತ್ರಕ್ಕೆ ನೇರ ಅಳತೆಯ ಆಸೆ ಬಿಡಬೇಕಾಗಿಲ್ಲ.

ಹಳೆಯದೊಂದು ಉಪಾಯ ಇದೆ. ಮನುಷ್ಯರ ಡಾಕ್ಟರು ಕೈಯಲ್ಲಿ ಹಿಡಿಯುವ ಮುಳ್ಳಿನ ಬಿಪಿ ಡಯಲ್ ಇದೆಯಲ್ಲ, ಗಡಿಯಾರದ ಹಾಗೆ ದುಂಡಗಿರುವುದು, ಅದನ್ನೇ ಬಳಸುವುದು. ಅಪಧಮನಿಯ ಕೊಳವೆಗೆ ಸ್ಟೆರೈಲ್ ಟ್ಯೂಬ್ ಜೋಡಿಸಿ ಅದರಲ್ಲಿ ಹೆಪಾರಿನ್ ಸಲೈನ್ ತುಂಬುತ್ತಾರೆ. ಡಯಲ್ ಕಡೆಯ ತುದಿಯಲ್ಲಿ ಒಂದಿಷ್ಟು ಜಾಗ ಗಾಳಿ ಬಿಟ್ಟಿರುತ್ತಾರೆ. ರಕ್ತ ಸಲೈನನ್ನು ತಳ್ಳುತ್ತದೆ, ಸಲೈನ್ ಗಾಳಿಯನ್ನು ತಳ್ಳುತ್ತದೆ, ಗಾಳಿ ಮುಳ್ಳನ್ನು ತಳ್ಳುತ್ತದೆ. ಮೇಲಿನ, ಕೆಳಗಿನ ಅಂಕಿ ಸಿಗುವುದಿಲ್ಲ. ಸಿಗುವುದು ಸರಾಸರಿ, ಬೇಕಿರುವುದೂ ಅದೇ. ಮುಳ್ಳು 72ರ ಹತ್ತಿರ ನಿಂತು ಪ್ರತಿ ಬಡಿತಕ್ಕೂ ಸಣ್ಣಗೆ ನಡುಗುತ್ತದೆ. ಆ ನಡುಕ ನಿಂತರೆ ಕೊಳವೆ ಕಟ್ಟಿಕೊಂಡಿದೆ ಎಂದು ತಿಳಿದು ಸಲೈನ್ ತಳ್ಳಬೇಕು. ಡಯಲ್ ಸ್ಟೆರೈಲ್ ಅಲ್ಲ, ಹಾಗಾಗಿ ಸಲೈನ್ ಅದರೊಳಗೆ ನುಗ್ಗದಂತೆ ನೋಡಿಕೊಳ್ಳಬೇಕು. ಟ್ಯೂಬಿನಲ್ಲಿ ಸಲೈನೂ ಗಾಳಿಯೂ ಸೇರುವ ಗೆರೆ ಕುದುರೆಯ ಹೃದಯದ ಎತ್ತರದಲ್ಲೇ ಇರಬೇಕು: ಬೆನ್ನ ಮೇಲೆ ಮಲಗಿದ್ದರೆ ಭುಜದ ಮೊನೆ, ಪಕ್ಕಕ್ಕೆ ಮಲಗಿದ್ದರೆ ಎದೆಮೂಳೆ. ಟೇಬಲ್ ಎತ್ತಿದಾಗಲೆಲ್ಲ ಆ ಗೆರೆಯನ್ನೂ ಜೊತೆಗೆ ಎತ್ತಬೇಕು.